ಹೊಸ್ತಿಲು ಅಳೆಯುವ ದಿನ

"ಇನ್ನೊಂದು ಚೂರು ನಿಂದರ್ರಿ ಅತ್ತೀ, ಎಡಗಡೆ ಅಂಚು ಉಳದದ," ಎಂದು ನಾನು ಅರಿಶಿನದ ಬಟ್ಟಲಿಗೆ ಮತ್ತೆ ಬೆರಳು ಅದ್ದಿದೆ. ಅತ್ತೆ ಬಲಗಾಲನ್ನು ಕರಿಕಲ್ಲಿನ ಹೊಸ್ತಿಲ ಮೇಲಿಟ್ಟು, ಕೈಯಿಂದ ಬಾಗಿಲಿನ ನಿಲುವು ಹಿಡಿದು ನಿಂತಿದ್ದರು. ಅವರು ಕಾಲೆತ್ತಿ ಆಚೆ ಹೋದರೆ ಹೊಸ್ತಿಲೂ ಹೋಗುತ್ತದೆ, ಅರ್ಧ ಬಳಿದ ಅರಿಶಿನವೂ ಹೋಗುತ್ತದೆ.

"ಕಾಲಾಗ ಇರಿವಿ ಹರದಾಡಿದಂಗ ಆಗೇದ. ಲಗೂ ಮುಗಸು."

"ಮುಗೀತು. ಕುಂಕುಮ ಒಂದು."

"ನಿನ್ನ ಹೊಸ್ತಿಲಕ್ಕ ಹಚ್ಚಿದ್ರ ನಾ ನಿಲ್ಲೂದು ತಪ್ತಿತ್ತು. ಏನ್ ಮಾಡೂದು, ಅದಕ್ಕ ಡಾಂಬರ್ ವಾಸನಿ."

ನಾನು ಈ ಮನೆಗೆ ಬಂದಾಗಿನಿಂದ ಅತ್ತೆ ಈ ಮಾತು ಆಡುತ್ತಾ ಬಂದಿದ್ದಾರೆ. ಮೊದಲು ಅದರಲ್ಲಿ ಮುಳ್ಳಿತ್ತು. ಈಗ ಅದು ನಮ್ಮಿಬ್ಬರ ನಡುವಿನ ಬೆಳಗಿನ ಮಾತುಗಳಲ್ಲಿ ಒಂದು, ಅಷ್ಟೇ. ನನ್ನಪ್ಪ ರೈಲ್ವೆ ಗೇಟು ಕಾಯುತ್ತಿದ್ದರು. ಹಳಿಯ ಪಕ್ಕದ ಒಂದು ಕೋಣೆಯ ಕ್ವಾರ್ಟರ್ಸಿಗೆ ಹಳೆಯ ಸ್ಲೀಪರ್ ಮರವನ್ನೇ ಹೊಸ್ತಿಲು ಮಾಡಿ ಹಾಕಿದ್ದರು. ಬಿಸಿಲಿಗೆ ಅದರಿಂದ ಕಪ್ಪಗೆ ಡಾಂಬರು ಜಿನುಗುತ್ತಿತ್ತು. ನಾನು ಯಾವ ಬಾಗಿಲಿಗೆ ಹೋದರೂ ಆ ಮರ ನನ್ನ ಕಾಲಡಿಗೆ ಬರುತ್ತದೆ. ಮದುವೆಯಾದ ಹೊಸದರಲ್ಲಿ ಗಂಡ ನನ್ನ ಬೆನ್ನಿಗೇ ಒಳಗೆ ಬರಲು ಹೋಗಿ ಎಡವಿ ಎಡವಿ, ಆರು ತಿಂಗಳು ಕಾಲಿನ ಹೆಬ್ಬೆರಳಿಗೆ ಮುಲಾಮು ಹಚ್ಚಿಕೊಂಡಿದ್ದರು. ನಮ್ಮೂರಿನ ಹೊಸ ಮದುಮಕ್ಕಳನ್ನು ಗುರುತಿಸುವುದೇ ಹಾಗೆ. ಇಬ್ಬರಲ್ಲಿ ಒಬ್ಬರು ಕುಂಟುತ್ತಿರುತ್ತಾರೆ.

"ಇವತ್ತ ಅಳತಿ ದಿನ ಅಲ್ಲೇನು?" ಅತ್ತೆ ಕಾಲು ಕೆಳಗಿಳಿಸಿ ಕೇಳಿದರು. ಕರಿಕಲ್ಲು ಇಲ್ಲವಾಗಿ ನೆಲ ಮಾತ್ರ ಉಳಿಯಿತು.

"ಹೌದ್ರಿ."

"ಆ ನೆಲಮಟ್ಟದ ಹುಡುಗೀದು ಏನಾಗತದ?"

"ಗೊತ್ತಿಲ್ಲರಿ ಅತ್ತೀ. ನಪಾಸ್ ಮಾಡತಾರ ಅನಸತದ."

ಅತ್ತೆ ಲೊಚಗುಟ್ಟಿ ಒಳಗೆ ಹೋದರು. ನಾನು ಕೈ ತೊಳೆದುಕೊಂಡೆ. ಅರಿಶಿನ ಉಗುರ ಸಂದಿಯಲ್ಲಿ ಉಳಿಯಿತು.

ನಮ್ಮೂರಿನ ಬಡಿಗೇರರು ಬಾಗಿಲ ಚೌಕಟ್ಟಿಗೆ ಮೂರೇ ಕಟ್ಟಿಗೆ ಕೂಡಿಸುತ್ತಾರೆ. ಎರಡು ನಿಲುವು, ಮೇಲೊಂದು ಅಡ್ಡ. ಕೆಳಗಿನದು ಬರುವವರ ಜೊತೆ ಬರುತ್ತದೆ. ವಾಡೆಯಲ್ಲಿ ಬೆಳೆದವರಿಗೆ ಹಿತ್ತಾಳೆ ಹೂವು ಬಡಿದ ತೇಗದ ಹೊಸ್ತಿಲು. ಗುಡಿಸಲಲ್ಲಿ ಬೆಳೆದವರಿಗೆ ಸಗಣಿ ಸಾರಿಸಿದ ಮಣ್ಣಿನ ಒಂದು ದಿಂಡು. ಹಾಗಾಗಿ ನಮ್ಮಲ್ಲಿ ಯಾರೂ ಯಾರನ್ನೂ "ನೀವು ಯಾರ ಪೈಕಿ" ಎಂದು ಕೇಳುವುದಿಲ್ಲ. ಬಾಗಿಲ ಕಡೆ ಮುಖ ಮಾಡಿ ಕೂತರೆ ಸಾಕು. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಏನೂ ಕೇಳದೆ, "ಇನ್ನೊಂದೀಟು ನೀರು ತರ್ತಿಯೇನವಾ" ಎಂದು ಎರಡು ಸಲ ಬಾಗಿಲು ದಾಟಿಸುತ್ತಾರೆ. ಎತ್ತರದ ಹೊಸ್ತಿಲಿನವರಿಗೆ ಬಾಗಿಲಲ್ಲಿ ನಿಂತು ಮಾತಾಡುವ ಚಟ. ಒಂದು ಕಾಲು ಹೊಸ್ತಿಲ ಮೇಲಿಟ್ಟು ಹೋಗಿಬರುತ್ತೇನೆ ಎನ್ನುತ್ತಾ ತಾಸು ಕಳೆಯುತ್ತಾರೆ. ತಗ್ಗಿನವರು ಹೊಸ್ತಿಲು ಕಾಣುವ ಮೊದಲೇ ದಾಟಿ ಒಳಗೆ ಕೂತಿರುತ್ತಾರೆ. ಸಿನಿಮಾ ಟಾಕೀಸಿನಲ್ಲಿ ದೀಪ ಆರಿದ ಮೇಲೆಯೇ ಅರ್ಧ ಊರು ಒಳಗೆ ಬರುವುದು. ಸಭ್ಯರ ಮನೆಗಳಲ್ಲಿ, ಬಂದವರು ಬಾಗಿಲು ದಾಟುವಾಗ ಸೂರಿನ ಜಂತಿ ನೋಡುವುದು ರೂಢಿ. ನಮ್ಮೂರಿನ ಮಕ್ಕಳಿಗೆ ಮೊದಲು ಕಲಿಸುವ ನಡತೆಯೇ ಅದು.

ಜಂತಿ ನೋಡದೆ ನೇರ ಹೊಸ್ತಿಲನ್ನೇ ನೋಡುವುದಕ್ಕೆ ಅಧಿಕಾರವಿದ್ದದ್ದು ನಮ್ಮ ವಿಭಾಗಕ್ಕೆ ಮಾತ್ರ. ನಾನು ಕಾಲೇಜಿನ ಎಂ.ಎ. ಸಮಾಜಶಾಸ್ತ್ರದಲ್ಲಿ ಪಾಠ ಹೇಳುತ್ತೇನೆ. ಹುಡುಗರು ಸೇರುವ ದಿನ ಒಬ್ಬೊಬ್ಬರನ್ನೇ ಬಾಗಿಲಲ್ಲಿ ನಿಲ್ಲಿಸಿ ಹೊಸ್ತಿಲಿನ ಎತ್ತರ ಅಳೆಯುತ್ತೇವೆ. ಎರಡು ವರ್ಷದ ಮೇಲೆ, ಮೌಖಿಕ ಪರೀಕ್ಷೆಯ ದಿನ, ಮತ್ತೆ ಅಳೆಯುತ್ತೇವೆ. ಎಷ್ಟು ಬೆರಳು ಇಳಿದಿದೆಯೋ ಅದು ಕಲಿಕೆಯ ಫಲ. ವಿಭಾಗ ಕಟ್ಟಿದ ಹಿರಿಯ ಪ್ರಾಧ್ಯಾಪಕರು ಹಾಕಿಕೊಟ್ಟ ಪದ್ಧತಿ ಇದು. ಸಮಾಜವನ್ನು ಅರಿತವನು ತನ್ನ ಮನೆಯನ್ನು ಹೊರಗೆ ನಿಂತು ನೋಡುತ್ತಾನೆ, ಹಾಗೆ ನೋಡಿದವನ ಹೊಸ್ತಿಲು ಸವೆಯುತ್ತದೆ ಎಂದು ಅವರು ನಂಬಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇಳಿಯುತ್ತಿತ್ತು. ಓದಿ ಇಳಿಯುತ್ತಿತ್ತೋ, ಎರಡು ವರ್ಷ ಮೆಸ್ಸಿನ ಸಾರು ಉಂಡು ಇಳಿಯುತ್ತಿತ್ತೋ ದೇವರಿಗೇ ಗೊತ್ತು.

ತೊಂದರೆ ಏನೆಂದರೆ, ಎತ್ತರದಿಂದ ಬಂದವರಿಗೆ ಇಳಿಯಲು ಜಾಗ ಇರುತ್ತದೆ. ಮಣ್ಣಿನ ದಿಂಡಿನವರು ಎಷ್ಟು ಓದಿದರೂ ಒಂದು ಬೆರಳು, ಒಂದೂವರೆ ಬೆರಳು. ಹೋದ ವರ್ಷ ಒಬ್ಬ ದೇಸಾಯರ ಹುಡುಗ ಐದು ಬೆರಳು ಇಳಿದು ಚಿನ್ನದ ಪದಕ ತೆಗೆದುಕೊಂಡ. ಪದಕ ಕೊರಳಿಗೆ ಬಿದ್ದ ಕೂಡಲೇ, ಮೆಟ್ಟಿಲ ಮೇಲೆ ತನ್ನ ಕಾರಿನ ಡ್ರೈವರನಿಗೆ "ಲೇ, ಛತ್ರಿ ಹಿಡಿಯೋ" ಎಂದ. ಇಳಿದದ್ದು ಹೊಸ್ತಿಲು ಮಾತ್ರ ಎಂದು ನನಗೆ ಆವತ್ತು ಅನಿಸಿತ್ತು.

ಅಳೆಯುವ ಕೆಲಸ ನನ್ನದು. ನಾನು ಕೆಲಸಕ್ಕೆ ಸೇರಿದ ದಿನವೇ ವಿಭಾಗದವರು ತೇಗದ ಮೊಳಕೋಲನ್ನು ನನ್ನ ಕೈಗಿಟ್ಟು, "ಹೊಸ್ತಿಲದ ಕೆಲಸ ಹೆಣ್ಮಕ್ಕಳಿಗೆ ರೂಢಿ ಇರತದ ನೋಡ್ರಿ ಮೇಡಂ," ಎಂದಿದ್ದರು. ಗಂಡಸರು ಮೇಜಿನ ಹಿಂದೆ ಕೂರುತ್ತಾರೆ. ನಾನು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಕೋಲು ಹಿಡಿದು, ಬೆರಳೆಷ್ಟು ಎಂದು ಕೂಗಿ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ನನ್ನ ವಿದ್ಯಾರ್ಥಿಗಳ ಮುಖಕ್ಕಿಂತ ಅವರ ಪಾದಗಳು ನನಗೆ ಚೆನ್ನಾಗಿ ನೆನಪಿವೆ.

ಹುಲಿಗೆಮ್ಮನ ಪಾದಗಳನ್ನು ಮೊದಲು ನೋಡಿದ್ದು ಎರಡು ವರ್ಷದ ಹಿಂದೆ. ಹಿಮ್ಮಡಿ ಬಿರಿದಿತ್ತು, ಉಗುರಿಗೆ ಗೋರಂಟಿ ಹಚ್ಚಿಕೊಂಡಿದ್ದಳು. ಬಾಗಿಲಿಗೆ ಬಂದು ನಿಂತಳು. ನಾನು ಕೋಲು ಇಟ್ಟೆ. ಕೋಲು ನೆಲ ಮುಟ್ಟಿತು. ಏನೂ ಬರಲಿಲ್ಲ.

"ಎಷ್ಟು ಮೇಡಂ?" ಒಳಗಿನಿಂದ ಮುಖ್ಯಸ್ಥರಾದ ಹರನಾಳ ಸರ್ ಕೇಳಿದರು.

"ಏನೂ ಇಲ್ಲ ಸರ್."

"ಏನೂ ಇಲ್ಲ ಅಂದ್ರ?"

ಹುಡುಗಿ ಮೇಲಿನಿಂದ ಬಗ್ಗಿ ತನ್ನ ಕಾಲ ಕೆಳಗೆ ತಾನೇ ನೋಡಿದಳು. "ಇನ್ನೊಂದು ಸ್ವಲ್ಪ ಹೊತ್ತು ನಿಂದರ್ಲೇನ್ರಿ? ತಡಾ ಮಾಡಿ ಬಂದ್ರೂ ಬರಬಹುದು," ಎಂದಳು. ಸಾಲಿನಲ್ಲಿದ್ದವರು ಘೊಳ್ಳೆಂದು ನಕ್ಕರು. ಅವಳೂ ನಕ್ಕಳು. ನಗು ಮುಗಿದ ಮೇಲೂ ಒಂದು ಗಳಿಗೆ ಹೆಚ್ಚೇ ನಿಂತು ನೋಡಿದಳು. ಆಮೇಲೆ ಒಳಗೆ ಬಂದಳು.

ಅವಳ ತಾಯಿ ದುರುಗವ್ವ ಊರೂರು ತಿರುಗಿ, ಹೆಂಗಸರು ಬಾಚಿ ಸುತ್ತಿಟ್ಟ ಉದುರಿದ ಕೂದಲು ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವಳು. ರಸ್ತೆ ಬದಿ ಗುಡಾರ, ಗುಡಾರಕ್ಕೆ ಬಾಗಿಲಿಲ್ಲ. ಹುಲಿಗೆಮ್ಮ ಸರ್ಕಾರಿ ಶಾಲೆಯ ಹಾಸ್ಟೆಲುಗಳಲ್ಲಿ ಉದ್ದನೆಯ ಹಾಲಿನ ಸಾಲುಹಾಸಿಗೆಯಲ್ಲಿ ಮಲಗಿ ಓದಿದಳು. ಅಲ್ಲಿ ಸಂಜೆಯಾದರೆ ಹೊರಗಿನಿಂದ ಬೀಗ. ನಮ್ಮ ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅವಳಿಗೆ ಒಂದು ಕಿರಿದಾದ ಕೋಣೆ ಸಿಕ್ಕಿತ್ತು. ಮೊದಲು ಅದು ಸೌದೆ ಇಡುವ ಜಾಗವಾಗಿದ್ದರಿಂದ ಬೇರೆ ಯಾರೂ ಅದನ್ನು ಕೇಳಿರಲಿಲ್ಲ.

ಎರಡನೆಯ ವರ್ಷ ಅವಳು ಬರೆದ ಪ್ರಬಂಧ ನನ್ನ ನಿದ್ದೆ ಕೆಡಿಸಿತು. ಬಾಗಿಲಿಲ್ಲದ ಮನೆಗಳಲ್ಲಿ ಹೆಂಗಸರು ಬಾಗಿಲನ್ನು ಹೇಗೆ ಮಾಡಿಕೊಳ್ಳುತ್ತಾರೆ ಎಂಬುದೇ ಅದರ ವಿಷಯ. ಗುಡಾರದ ಮುಂದೆ ಕೊಡ ಬೋರಲು ಹಾಕಿದ್ದರೆ ಒಳಗೆ ಯಾರೋ ಸೀರೆ ಬದಲಿಸುತ್ತಿದ್ದಾರೆ, ಬರಬಾರದು. ಕೊಡದ ಮೇಲೆ ಕಲ್ಲಿದ್ದರೆ ಒಳಗೆ ಜ್ವರ ಇದೆ. ಹುಡುಗಿ ಮೈನೆರೆದಾಗ ಅವಳ ಸುತ್ತ ನಾಲ್ಕು ಮಂದಿ ಹೆಂಗಸರು ಬೆನ್ನು ಮಾಡಿ ಕೂರುತ್ತಾರೆ; ಆ ಬೆನ್ನುಗಳೇ ಗೋಡೆ. ಓದುತ್ತಿದ್ದಂತೆ ನನಗೆ ನಮ್ಮ ರೈಲ್ವೆ ಕೋಣೆ ನೆನಪಾಯಿತು. ಅಪ್ಪ ರಾತ್ರಿ ಪಾಳಿಗೆ ಹೋದಾಗ ಅವ್ವ, "ಚಿಲಕ ಹಾಕ್ಕೋ ಕಮಲಾಕ್ಷಿ," ಎನ್ನುತ್ತಿದ್ದಳು. ಒಂದು ಮಣೆಯ ಮೇಲೆ ಹತ್ತಿ ನಾನು ಚಿಲಕ ಹಾಕುತ್ತಿದ್ದೆ. ಹಾಕಿದ ಮೇಲೆ ಬರುತ್ತಿದ್ದ ಆ ನಿದ್ದೆ ಈಗ ಯಾವ ಹಾಸಿಗೆಯಲ್ಲೂ ಬರುವುದಿಲ್ಲ.

ಪರೀಕ್ಷೆಗೆ ಒಂದು ವಾರ ಮೊದಲು ಹರನಾಳ ಸರ್ ನನ್ನನ್ನು ಕರೆದರು. ಅವರು ಕೆಟ್ಟವರಲ್ಲ. ಹುಡುಗರ ಮದುವೆಗೆ ತಪ್ಪದೆ ಹೋಗುತ್ತಾರೆ. ಆದರೆ ಗೋಡೆಯ ಮೇಲಿನ ಹಿರಿಯ ಪ್ರಾಧ್ಯಾಪಕರ ಫೋಟೊ ನೋಡದೆ ಅವರಿಗೆ ಸಹಿ ಮಾಡಲು ಬರುವುದಿಲ್ಲ.

"ಹುಲಿಗೆಮ್ಮನ ಪೇಪರೆಲ್ಲಾ ಛಲೋ ಅವ ಮೇಡಂ. ಇಡೀ ಕ್ಲಾಸಿಗೆ ಮುಂದದಾಳ. ಆದ್ರ ಕಲಿಕೆಯ ಫಲದಾಗ ಕನಿಷ್ಠ ಒಂದು ಬೆರಳು ಬೇಕೇ ಬೇಕು."

"ಅಕೀದು ನೆಲ ಸರ್. ನೆಲದಕಿಂತ ಕೆಳಗ ಇಳಿಯೂದು ಹ್ಯಾಂಗ? ಬಾವಿ ತೋಡಬೇಕೇನು?"

"ನಾ ಏನ್ ಮಾಡ್ಲಿ ಹೇಳ್ರಿ. ಪದ್ಧತಿ."

"ಅಕೀಗೆ ಗುಡ್ಡದ ಮ್ಯಾಲಿನ ವಸತಿ ಶಾಲೆಯೊಳಗ ಕೆಲಸ ಆಗೇದ ಸರ್. ಡಿಗ್ರಿ ಕೈಯಾಗ ಇಲ್ಲಂದ್ರ ತಗೊಳೂದಿಲ್ಲ. ಮತ್ತ ಕೂದಲಾ ಆರಸ್ಕೊಂತ ಹೋಗ್ಲೇನು?"

ಅವರು ಫೋಟೊ ನೋಡಿದರು. "ಅಕೀ ಹಣೇಬರಾ," ಎಂದರು. ಹಾಗೆಂದಾಗ ಅವರ ದನಿ ನಿಜಕ್ಕೂ ಸಣ್ಣಗಾಗಿತ್ತು.

ಕೋಲು ನನ್ನ ಕೈಯಲ್ಲಿದೆ, ಸುಳ್ಳು ಹೇಳಿಬಿಡಬಹುದಲ್ಲ ಎಂದು ನಾನು ಯೋಚಿಸದೆ ಇರಲಿಲ್ಲ. ಬೇರೆ ಯಾರದ್ದಾದರೂ ಆಗಿದ್ದರೆ ಅರ್ಧ ಬೆರಳು ಆಚೀಚೆ ಮಾಡಬಹುದಿತ್ತು. ಆದರೆ ಏನೂ ಇಲ್ಲದಲ್ಲಿ ಒಂದು ಬೆರಳು ಇಳಿದಿದೆ ಎಂದರೆ ಯಾರು ನಂಬುತ್ತಾರೆ? ಆ ವಾರವೆಲ್ಲ ಅನ್ನಕ್ಕೆ ಎಸರಿಡುವಾಗ, ಬಟ್ಟೆ ಮಡಚುವಾಗ ಅದೇ ತಲೆಯಲ್ಲಿ ಸುತ್ತುತ್ತಿತ್ತು. ದಾರಿ ಕಾಣಲಿಲ್ಲ.

ಅಳತೆಯ ದಿನ ಹೊರಗಿನಿಂದ ಪರೀಕ್ಷಕರಾಗಿ ಬಂದವರು ಪ್ರೊಫೆಸರ್ ಇನಾಮದಾರ. ಪ್ರತಿ ವರ್ಷ ಅವರೇ ಬರುತ್ತಾರೆ. ಎತ್ತರದ ಮನುಷ್ಯ, ಬಿಳಿ ಮೀಸೆ, ದೊಡ್ಡ ಮನೆತನ. ಅವರ ವಾಡೆಯ ಹೆಸರು ಹೇಳಿದರೆ ನಮ್ಮ ಸೀಮೆಯಲ್ಲಿ ಈಗಲೂ ಜನ ನೆಟ್ಟಗೆ ಕೂರುತ್ತಾರೆ. ಆದರೆ ಅವರು ನಮ್ಮ ಬಾಗಿಲಿಗೆ ಬಂದರೆ ಬರುವುದು ಒಂದು ತೆಳ್ಳನೆಯ ಮಾವಿನ ಹಲಗೆ, ಅದೂ ಒಂದು ಕಡೆ ಸೀಳಿದ್ದು. ಆವತ್ತೂ ಅದೇ ಬಂತು. ಹರನಾಳ ಸರ್ ಆತುರದಿಂದ ಜಂತಿ ನೋಡಿದರು, ನಮ್ಮ ಕಿರಿಯ ಸಹೋದ್ಯೋಗಿ ತೋಟಗೇರ ತನ್ನ ಹೊಟ್ಟೆಯ ಮೇಲಿನ ಗುಂಡಿ ನೋಡಿಕೊಂಡ. ಇನಾಮದಾರರು ಯಾರನ್ನೂ ನೋಡದೆ ಬಂದು ಕುರ್ಚಿಯಲ್ಲಿ ಕೂತರು.

ಒಬ್ಬೊಬ್ಬರೇ ಬಂದರು. ನಾನು ಕೂತು ಅಳೆದು ಕೂಗಿದೆ. ಮೂರು ಬೆರಳು. ಒಂದೂವರೆ. ಒಬ್ಬ ಹುಡುಗ ಹಿಂದಿನ ದಿನವೆಲ್ಲ ಉಪವಾಸ ಇದ್ದು ಬಂದಿದ್ದ, ಹಾಗಾದರೆ ಇನ್ನಷ್ಟು ಇಳಿಯುತ್ತದೆಂದು ಯಾರೋ ಹೇಳಿದ್ದರಂತೆ. ಅವನಿಗೆ ನಿಂತಲ್ಲೇ ಕಣ್ಣು ಕತ್ತಲೆ ಬಂತು, ತೋಟಗೇರ ಚಹಾ ಕುಡಿಸಿದ.

ಎಲ್ಲರದೂ ಮುಗಿದ ಮೇಲೆ ಹುಲಿಗೆಮ್ಮನನ್ನು ಕರೆದರು. ಕಾರಿಡಾರಿನಲ್ಲಿ ಅವಳು ನಡೆದು ಬರುವುದನ್ನು ನಾನು ಕೂತಲ್ಲಿಂದಲೇ ನೋಡಿದೆ. ಕುಂಟುತ್ತಿದ್ದಳು. ಕಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಏನಾತು ಕಾಲಿಗೆ?" ನಾನು ಮೆಲ್ಲಗೆ ಕೇಳಿದೆ.

"ಎಡವಿದೆ ಮೇಡಂ." ಬಾಗಿಲಿಗೆ ಎರಡು ಹೆಜ್ಜೆ ದೂರದಲ್ಲೇ ನಿಂತಳು. "ನಾ ದಾಟಲೇಬೇಕೇನ್ರಿ? ಇಲ್ಲೇ ಹೊರಗ ನಿಂತು ಉತ್ತರಾ ಹೇಳಿದ್ರ ಆಗೂದಿಲ್ಲೇನು?"

"ಬಾ ಬಾ, ಲಗೂ ಬಾ," ಹರನಾಳ ಸರ್ ಒಳಗಿನಿಂದ ಕರೆದರು.

ಅವಳು ಬಂದು ನಿಂತಳು. ಕಾಲ ಮುಂದೆ, ನೆಲದಿಂದ, ಏನೋ ಎದ್ದಿತು.

ನಾನು ಕೋಲು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ನೋಡಿದೆ. ಸಿಮೆಂಟಿನ ಒಂದು ಪಟ್ಟಿ. ಅಂಚಿಗೆ ನೀಲಿ ಬಣ್ಣದ ಕಲೆ, ನಡುವೆ ಸೌದೆ ಎಳೆದಾಡಿ ಬಿದ್ದ ಗೀರು. ಹಾಸ್ಟೆಲಿನ ಆ ಸೌದೆ ಕೋಣೆಗೆ ಮಳೆನೀರು ನುಗ್ಗದಂತೆ ಹಿಂದೆ ಹಾಕಿಸಿದ್ದ ಪಟ್ಟಿ ಅದು; ಹೆಣ್ಣುಮಕ್ಕಳ ಹಾಸ್ಟೆಲಿನ ಮೇಲ್ವಿಚಾರಣೆ ನನ್ನದೇ ಆದ್ದರಿಂದ ಆ ಗೀರನ್ನು ನಾನು ಎಷ್ಟೋ ಸಲ ನೋಡಿದ್ದೆ. ಎಷ್ಟು ದಿನದಿಂದ ಅದು ಅವಳಿಗೆ ಬರುತ್ತಿತ್ತೋ! ತರಗತಿಗೆ ಅವಳು ಯಾವಾಗಲೂ ಗುಂಪಿನ ನಡುವೆ ಸೇರಿಕೊಂಡು ಬರುತ್ತಿದ್ದಳು. ಮುಂದಿದ್ದವರ ಹೊಸ್ತಿಲೇ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಬೇರೆ ಬಾಗಿಲುಗಳಲ್ಲಿ ಕಾಲೆತ್ತಿ ದಾಟಿ ರೂಢಿಯಿಲ್ಲದವಳು. ಎಡವದೆ ಏನು ಮಾಡುತ್ತಾಳೆ!

"ಎಷ್ಟು ಮೇಡಂ?"

"ಎರಡು ಬೆರಳು ಸರ್."

"ಎರಡು ಇಳದದ?" ಹರನಾಳ ಸರ್ ಕುರ್ಚಿಯಿಂದ ಅರ್ಧ ಎದ್ದರು.

"ಇಳದಿಲ್ಲ. ಎದ್ದದ."

ತೋಟಗೇರ ಮೇಜಿನ ಮೇಲೆ ಬಾಗಿ ಇಣುಕಿದ. ಹರನಾಳ ಸರ್ ಫೋಟೊ ನೋಡಿದರು, ಕಾಗದ ನೋಡಿದರು, ಮತ್ತೆ ಫೋಟೊ ನೋಡಿದರು. "ಏರಿದ್ರ ಮೈನಸ್ ಆಗತದ," ಎಂದರು ಕೊನೆಗೆ, ಸಂಕಟದಿಂದ. "ಮೈನಸ್ ಎರಡು. ಸೊನ್ನೆಕಿಂತ ಕೆಳಗ. ಎರಡು ವರ್ಷದಾಗ ಕಲತದ್ದು ಇಲ್ಲದಕಿಂತ ಕಡಿಮಿ ಅಂದಂಗ ಆತು."

ಹುಲಿಗೆಮ್ಮ ಹೊಸ್ತಿಲ ಮೇಲೆ ಹಾಗೇ ನಿಂತಿದ್ದಳು. ನಾನು ನೆಲದಲ್ಲಿ ಕೂತಲ್ಲಿಂದಲೇ ಹೇಳಿದೆ, "ಸರ್, ಇಷ್ಟು ವರ್ಷ ನಾ ಈ ಬಾಗಲದಾಗ ಕೂತೀನಿ. ಇದ್ದದ್ದು ಸವದದ್ದು ನೋಡೀನಿ. ಇಲ್ಲದ್ದು ಹುಟ್ಟಿದ್ದು ನೋಡಿಲ್ಲ. ಇದಕ್ಕ ಮೈನಸ್ ಬರದ್ರ ನಾಳೆ ಮಂದಿ ನಮಗ ಉಗಳತಾರ."

"ಮೇಡಂ, ನೀವು ಅಳತಿ ಅಷ್ಟ ಹೇಳ್ರಿ."

ಇನಾಮದಾರರು ಕೆಮ್ಮಿದರು. "ಇದು ಯಾವ ಮನೀದವಾ?" ಎಂದು ನೇರ ಹುಡುಗಿಯನ್ನು ಕೇಳಿದರು.

"ಮನೀದಲ್ರಿ ಸರ್. ಹಾಸ್ಟೆಲ್ ಖೋಲೀದು."

"ಹಾಸ್ಟೆಲಿನ್ಯಾಗ ಊರ ಮಂದಿ ಇರತಾರ. ಅವ್ರಿಗೆ ಯಾರಿಗೂ ಬರಲಿಲ್ಲಲ್ಲ. ನಿನಗ್ಯಾಕ ಬಂತು?"

ಅವಳು ಕಾಲ ಕೆಳಗಿನ ಪಟ್ಟಿಯನ್ನು ನೋಡಿದಳು. "ನನಗ ಏನ್ ಅನಸತೈತಿ ಅಂದ್ರ ಸರ್… ಗುಡಾರದಾಗ ಬಾಗಲಾನ ಇರಲಿಲ್ಲ. ಸಾಲಿ ಹಾಸ್ಟೆಲ್‍ನ್ಯಾಗ ಹೊರಗಿಂದ ಕೀಲಿ ಹಾಕ್ತಿದ್ರು. ಒಳಗಿಂದ ನಾನ ಚಿಲಕಾ ಹಾಕ್ಕೊಂಡು ಮಲಗಿದ್ದು ಇಲ್ಲೇ ಮೊದಲು. ಮೊದ್ಲನೇ ದಿನ ಹಾಕೂದು ತಗಿಯೂದು, ಹಾಕೂದು ತಗಿಯೂದು, ಅದನ್ನ ಮಾಡ್ಕೊಂತ ಕುಂತಿದ್ದೆರಿ. ಬಾಜೂ ಖೋಲಿಯವ್ರು ಬೈದ್ರು."

ಇನಾಮದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹರನಾಳ ಅವ್ರ, ಮುಂಜಾನಿ ನಾ ಬಂದಾಗ ನೀವು ಜಂತಿ ಯಾಕ ನೋಡಿದ್ರಿ?"

"ಇಲ್ಲ ಸರ್, ಹಂಗೇನಿಲ್ಲ, ಜಂತಿಗೆ ಗೆದ್ದಲ ಹತ್ತೇದ ಅಂತ…"

"ಪ್ರತಿ ವರ್ಷ ನಾ ಬಂದಾಗಷ್ಟ ಹತ್ತತದೇನು?" ಅವರ ಮೀಸೆಯ ಕೆಳಗೆ ನಗುವಿನಂಥದ್ದು ಸುಳಿಯಿತು. "ನಮ್ಮ ವಾಡೇದಾಗ ಬಾಗಲಾ ಎಣಿಸಿದ್ರ ದಣಿವಾಗತದ. ಒಂದಕ್ಕೂ ನಾ ಚಿಲಕಾ ಹಾಕಿದಾಂವಲ್ಲ. ಹಾಕಿದ್ರ ಅಪ್ಪ ಒದ್ದು ತಗೀತಿದ್ರು. ಕಾಲೇಜಿಗೆ ಬಂದಾಗ ಅರಿವಿ ಹೊಲಿಯೂ ಒಬ್ಬ ಶಿಂಪಿಗ್ಯಾನ ಅಟ್ಟದ ಖೋಲಿ ಹಿಡಿದಿದ್ದೆ. ನಾನ ಚಿಲಕಾ ಹಾಕ್ಕೊಂಡು ಮಲಗಿದ್ದು ಅಲ್ಲೇ ಮೊದಲು. ಅದರ ಹೊಸ್ತಿಲಾ ಮಾವಿನ ಹಲಗಿ, ಸೀಳಿದ್ದು. ಈ ಊರಿಗೆ ಬಂದಾಗೆಲ್ಲಾ ಅದು ಬರತದ. ಅಪ್ಪನ ಮಗ ಅಲ್ಲ ಇಂವಾ ಅಂತ ಮಂದಿ ಅಂದ್ಕೊಂಡಾರು ಅಂತ ನಾನೂ ಜಂತಿ ನೋಡಕೋತ ಒಳಗ ಬರತಿದ್ದೆ." ಅವರು ಹುಡುಗಿಯ ಕಡೆ ತಿರುಗಿದರು. "ನನಗ ಇಷ್ಟು ವಯಸ್ಸಾತು, ಇದು ತಿಳೀಲಿಲ್ಲ ನೋಡವಾ."

ಒಂದೇ ತಾಯಿಯ ಮಕ್ಕಳಿಗೆ ಬೇರೆ ಬೇರೆ ಹೊಸ್ತಿಲು ಯಾಕೆ ಬರುತ್ತದೆ ಎಂದು ನಮ್ಮೂರಿನಲ್ಲಿ ಎಲ್ಲರೂ ತಲೆ ಕೆಡಿಸಿಕೊಂಡವರೇ. ಪೂರ್ವಜನ್ಮದ್ದು ಎನ್ನುತ್ತಿದ್ದರು, ತಾಯಿಯ ನಡತೆ ಎಂದು ಪಿಸುಗುಟ್ಟುವವರೂ ಇದ್ದರು. ಅದೇ ರೈಲ್ವೆ ಕೋಣೆಯಲ್ಲಿ, ನಾನು ಹಾಕಿದ ಚಿಲಕದೊಳಗೆ ಬೆಳೆದ ನನ್ನ ತಂಗಿಗೆ ಬರುವುದು ಅವಳು ಗಂಡನನ್ನು ಬಿಟ್ಟು ಬಂದು ಹಿಡಿದ ಬಾಡಿಗೆ ಮನೆಯ ಕಡಪಾ ಕಲ್ಲು. ಅದಕ್ಕಾಗಿ ಅವಳು ಎಷ್ಟು ಮಾತು ತಿಂದಿದ್ದಳು! ನಾನು ಕೋಲನ್ನು ನೆಲದ ಮೇಲೆ ಮಲಗಿಸಿ, ಸ್ವಲ್ಪ ಹೊತ್ತು ಸೆರಗಿನಿಂದ ಮುಖ ಒರೆಸಿಕೊಂಡೆ.

"ಬರೀರಿ, ಎರಡು ಬೆರಳು," ಇನಾಮದಾರರು ಹೇಳಿದರು. "ಮೈನಸ್ ಹೊಡದು ಹಾಕ್ರಿ. ಪಾಸು."

"ಪದ್ಧತಿ ಸರ್…"

"ನಾ ಸಹಿ ಮಾಡತೀನಿ. ಹಿರಿಯರು ಕನಸಿನ್ಯಾಗ ಬಂದ್ರ ನನ್ನ ವಿಳಾಸ ಕೊಡ್ರಿ."

ಹರನಾಳ ಸರ್ ಬರೆದರು. ಬರೆದ ಮೇಲೆ ಅವರೇ ಎಲ್ಲರಿಗಿಂತ ಜೋರಾಗಿ ಉಸಿರು ಬಿಟ್ಟರು. ವಾರದಿಂದ ಅವರ ಎದೆಯ ಮೇಲೂ ಕಲ್ಲಿತ್ತು ಎಂದು ನನಗೆ ಆಗ ಗೊತ್ತಾಯಿತು. "ಒಳಗ ಬಾರವಾ, ಇನ್ನ ಪ್ರಶ್ನೆ ಕೇಳೂದದ," ಎಂದರು. ಹುಲಿಗೆಮ್ಮ ಗಡಿಬಿಡಿಯಲ್ಲಿ ಕಾಲೆತ್ತುವುದನ್ನು ಮರೆತಳು. ಅದೇ ಹೆಬ್ಬೆರಳು. "ಯವ್ವಾ!" ಎಂದು ಒಂದೇ ಕಾಲಲ್ಲಿ ಕುಪ್ಪಳಿಸುತ್ತಾ ಒಳಗೆ ಬಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲು ಬರುವಂತಿರಲಿಲ್ಲ.

ಸಂಜೆ ಹೊರಗೆ ಬಂದರೆ ಬೇವಿನ ಮರದ ಕೆಳಗೆ ದುರುಗವ್ವ ಪಾತ್ರೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬೆಳಗಿನಿಂದ ಅಲ್ಲೇ ಇದ್ದಳಂತೆ. ಮಗಳು ಓಡಿಹೋಗಿ ಪಕ್ಕದಲ್ಲಿ ಕೂತಳು.

"ಪಾಸಾದ್ಲಂತಲ್ಲ ಬಾಯಾರ?" ದುರುಗವ್ವ ನನ್ನನ್ನು ಕೇಳಿದಳು.

"ಪಾಸಾದಳು. ಎಲ್ಲಾರಕಿಂತ ಮುಂದ."

"ಮತ್ತ ಇಕಿಗೆ ಹೊಸ್ತಿಲಾ ಬಂದೈತಂತ. ಇನ್ನ ನಮ್ಮ ಗುಡಾರಕ್ಕ ಬರತಾಳೋ ಇಲ್ಲೋ?"

"ಗುಡಾರಕ್ಕ ಬಾಗಲಾ ಎಲ್ಲೈತಬೇ? ಅಲ್ಲಿ ಏನೂ ಬರಂಗಿಲ್ಲ. ಮೊದಲಿನಂಗ ಬಗ್ಗಿ ಬರತೀನಿ," ಎಂದು ಹುಲಿಗೆಮ್ಮ ತಾಯಿಯ ತೋಳಿಗೆ ಹಣೆ ಒತ್ತಿದಳು.

ದುರುಗವ್ವ ಖುಷಿಯಲ್ಲಿ ಬುಟ್ಟಿ ಸರಿಸಿ ಒಂದು ಡಬರಿ ಎತ್ತಿಕೊಂಡಳು. ಆಮೇಲೆ ನನ್ನ ತುರುಬಿನ ಕಡೆ ಒಮ್ಮೆ ನೋಡಿ, ಕಸುಬು ನೆನಪಾದವಳಂತೆ, "ಕೂದಲಾ ಕೂಡಿಸಿಟ್ಟಿದ್ರ ಕೊಡ್ರಿ ಬಾಯಾರ. ಬಿಳೇದಕ್ಕ ಬರೇ ಚಮಚಾ ಬರತೈತಿ. ನಿಮಗಾದ್ರ ಡಬರೀನ ಕೊಡತೀನಿ," ಎಂದಳು. ನಾವು ಮೂವರೂ ನಕ್ಕೆವು. ನನಗೆ ಎಷ್ಟೋ ದಿನಗಳ ಮೇಲೆ ಹೊಟ್ಟೆಯಾಳದಿಂದ ನಗು ಬಂತು.

ಹೊರಡುವಾಗ ಹರನಾಳ ಸರ್ ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿದರು. ಅವರ ಕಣ್ಣು ಮಿನುಗುತ್ತಿತ್ತು. ದೊಡ್ಡದೊಂದು ಭಾರ ಇಳಿದ ಮನುಷ್ಯ ಇನ್ನೊಂದನ್ನು ಹೊತ್ತುಕೊಳ್ಳಲು ಆತುರಪಡುವ ಹಾಗೆ.

"ಮೇಡಂ, ಭಾಳ ದೊಡ್ಡ ಸಂಗತಿ ಆತು ಇವತ್ತ. ಬರೂ ಜೂನ್‍ದಿಂದ ಪದ್ಧತಿ ತಿದ್ದೋಣ. ಇಳಿದದ್ದು ಬ್ಯಾರೆ, ಏರಿದ್ದು ಬ್ಯಾರೆ, ಎರಡಕ್ಕೂ ಅಂಕ. ಎರಡು ವರ್ಷಕ್ಕೊಮ್ಮೆ ಸಾಲೂದಿಲ್ಲ, ತಿಂಗಳಿಗೊಮ್ಮೆ ಅಳೀಬೇಕು. ಮತ್ತ ಹೆಣ್ಮಕ್ಕಳನ್ನ ನೀವು ಕೂಡಿಸಿ ಕೇಳಬೇಕು ನೋಡ್ರಿ: ಮೊದಲು ಯಾವಾಗ ಚಿಲಕಾ ಹಾಕ್ಕೊಂಡ್ರಿ, ಯಾಕ ಹಾಕ್ಕೊಂಡ್ರಿ, ಒಳಗ ಏನ್ ಮಾಡಿದ್ರಿ, ಎಲ್ಲಾ. ನಿಮ್ಮ ಮುಂದ ಹೇಳತಾರ ಅವ್ರು."

"ನೋಡೋಣ ಸರ್," ಎಂದೆ ನಾನು.

ದಾರಿಯುದ್ದಕ್ಕೂ ಗಾಳಿ ತಂಪಾಗಿತ್ತು. ಸಂತೆ ಪೇಟೆಯ ತಿರುವಿನಲ್ಲಿ ಗೋಣಿತಾಟು ಹಾಸಿ ಸೊಪ್ಪು ಮಾರುವವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. ರಾಜಗಿರಿ ಸೊಪ್ಪಿನ ಸಿವುಡು ಒಂದೊಂದೇ ಬಿಚ್ಚಿ, ಹುಳ ಹಿಡಿದ ಎಲೆ ತೆಗೆದು, ಎಳೆಯದು ಆರಿಸಿಕೊಂಡೆ. ಮುಂದಿನ ಜೂನ್ ಕಣ್ಣ ಮುಂದೆ ಬಂತು. ಹೊಸ ಹುಡುಗಿಯರು ಸಾಲಾಗಿ ನಿಂತಿದ್ದಾರೆ, ಕೋಲು ಮೇಜಿನ ಮೇಲಿದೆ. ನನಗೆ ಕೂರಲು ಬಾರದಿದ್ದರೆ ಬಾಗಿಲಲ್ಲಿ ಬಗ್ಗುವವರು ಯಾರು? ಹರನಾಳ ಸರ್ ವಿಭಾಗದ ಮುಖ್ಯಸ್ಥರು. ಹುಡುಗರ ಪಾದದ ಬಳಿ ಕೂರುವುದನ್ನು ಅವರಿಂದ ಊಹಿಸಲಿಕ್ಕೂ ಆಗದು. ತೋಟಗೇರನಿಗೆ ಹೊಟ್ಟೆ ಅಡ್ಡ ಬರುತ್ತದೆ. ಪಾಠ ಹೇಳುವ ಬೇರೆ ಹೆಂಗಸರು ವಿಭಾಗದಲ್ಲಿಲ್ಲ. ಮೊದಲ ತಿಂಗಳು ಇವತ್ತು ಬೇಡ, ನಾಳೆ ನೋಡೋಣ ಎನ್ನುತ್ತ ಮುಂದೂಡುತ್ತಾರೆ. ಎರಡನೆಯ ತಿಂಗಳು ಕೋಲನ್ನು ಕಪಾಟಿನ ಮೇಲಿಡುತ್ತಾರೆ. ಆಮೇಲೆ ಹುಡುಗಿಯರು ಸುಮ್ಮನೆ ಬಾಗಿಲು ದಾಟಿ ಬಂದು ಬೆಂಚಿನ ಮೇಲೆ ಕೂರುತ್ತಾರೆ. ನಾನು ತಲೆ ಎತ್ತಿ ಅವರ ಮುಖ ನೋಡುತ್ತೇನೆ.

"ಇನ್ನೊಂದು ಸಿವುಡು ಹಾಕ್ಲೇನ್ರಿ ಅಕ್ಕಾರ?" ಸೊಪ್ಪಿನವಳು ಕೇಳಿದಳು.

"ಹಾಕು."

ಚೀಲ ಹೆಗಲಿಗೇರಿಸಿ, ಎಲ್ಲಿಗೂ ಕೈ ಊರದೆ, ಒಂದೇ ಸಲಕ್ಕೆ ಎದ್ದು ನಿಂತೆ. ನನ್ನ ಮಂಡಿಗಳು ಗಟ್ಟಿಮುಟ್ಟಾಗಿವೆ. ಬರುವ ಜೂನ್ ತಿಂಗಳಿಗೆ, ಹರನಾಳ ಸರ್ ಕೋಲು ಕೊಡಲು ಬಂದಾಗ, ಅವು ಕೆಡುತ್ತವೆ.